ಮನೆಪಾಠ ಹೇಳುವ ತಾಯಿಗೂ ಜ್ವರ ಬರುತ್ತದೆ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳುವವಳು ಎಂದು ಗೊತ್ತಾದರೆ ಸಾಕು, ಮದುವೆ ಮನೆಯಿರಲಿ, ಕಿರಾಣಿ ಅಂಗಡಿಯಿರಲಿ, ಮೂರು ಪ್ರಶ್ನೆ ಖಾಯಂ. 'ಪರೀಕ್ಷೆ ಹೆಂಗ್ರಿ? ದೋಸ್ತರು ಯಾರ್ರಿ ಅವಕ್ಕ? ದಿನಾ ಪೂರ್ತಿ ಮಕ್ಕಳ ಜೋಡಿ ಇದ್ದು ನಿಮಗ ಬ್ಯಾಸರ ಆಗೂದಿಲ್ಲೇನ್ರಿ?' ಈ ಮೂರಕ್ಕೂ ನನ್ನ ಹತ್ತಿರ ಬಾಯಿಪಾಠದ ಉತ್ತರಗಳಿದ್ದವು. ಕೇಳಲೇಬೇಕಾದ ನಾಲ್ಕನೆಯ ಪ್ರಶ್ನೆಯೊಂದಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಒಂದು ಚಳಿಗಾಲದ ವಾರ ಅದನ್ನು ಕೇಳಿಸಿತು.

2024ರ ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ. ನನ್ನ ತವರು ಬಬಲೇಶ್ವರದ ಕಡೆ. ವರ್ಷದಲ್ಲಿ ಯಾವ ಹಬ್ಬ ತಪ್ಪಿದರೂ ಅಣ್ಣನ ಹೊಲದ ಚರಗ ತಪ್ಪಿಸುವವಳಲ್ಲ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಗಟ್ಟಿ ಮೊಸರು ಕಟ್ಟಿಕೊಂಡು ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ ಉಣ್ಣುವ ಸುಖ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆದರೆ ಮನೆಪಾಠದ ತಾಯಿಯ ತಲೆ ನೋಡಿ, ಅಲ್ಲೂ ಸುಮ್ಮನಿರುವುದಿಲ್ಲ! ತಿಂಗಳುಗಟ್ಟಲೆ ಮಳೆ ಇಲ್ಲದೆ ಹಿಂಗಾರಿ ಜೋಳ ಹೇಗೆ ಬೆಳೆಯಿತು ಎಂದು ಮಗನನ್ನು ಕೇಳಿದೆ. ಅವನಿಗೆ ಆಗ ಹತ್ತು ವರ್ಷ. ತಿಳಿಯಲಿಲ್ಲ. ಅಣ್ಣ ಕುರ್ಪಿಯಿಂದ ಗೇಣುದ್ದ ಅಗೆದು, ಒಳಗಿನ ಎರೆಮಣ್ಣಿನ ಉಂಡೆ ಅವನ ಕೈಗಿಟ್ಟ. ಮೇಲೆ ಬಿರುಕುಬಿಟ್ಟ ನೆಲ, ಒಳಗೆ ತಣ್ಣಗೆ ಹಸಿ. ಕಪ್ಪು ಮಣ್ಣು ನೀರು ಹಿಡಿದಿಟ್ಟುಕೊಂಡಿರುತ್ತದೆ ಎಂಬುದನ್ನು ಪುಸ್ತಕದಲ್ಲಿ ನಾನು ಎರಡು ಸಲ ಓದಿಸಿದ್ದೆ. ಉಂಡೆ ಕೈಗೆ ಬಂದ ಮೇಲೆ ಮೂರನೆಯ ಸಲ ಓದಿಸಬೇಕಾಗಲಿಲ್ಲ. ಆರು ವರ್ಷದ ಮಗಳು ಮಾತ್ರ ಪಾಠದ ಗೋಜಿಗೆ ಬರದೆ, ಅಣ್ಣನ ಮಕ್ಕಳ ಜೊತೆ ಒಂದೇ ತಾಟಿನಲ್ಲಿ ಕಡಬು ತಿನ್ನುತ್ತಿದ್ದಳು. ಅವರಲ್ಲಿ ಒಬ್ಬನಿಗೆ ಮೂಗು ಸುರಿಯುತ್ತಿತ್ತು. ನೋಡಿದೆ, ಹಬ್ಬದ ದಿನ ಏನು ಹೇಳುವುದೆಂದು ಬಿಟ್ಟೆ.

ನಾವು ಮನೆಯಲ್ಲೇ ಕಲಿಸುವುದಕ್ಕೆ ದೊಡ್ಡ ತತ್ವವೇನೂ ಕಾರಣವಲ್ಲ. 2020ರಲ್ಲಿ ಮಗನನ್ನು ಒಂದನೇ ಇಯತ್ತೆಗೆ ಹಾಕಬೇಕಿತ್ತು, ಕೊರೊನಾ ಬಂದು ಶಾಲೆಗಳೇ ಮುಚ್ಚಿದವು. ಆಗ ಅನಿವಾರ್ಯವಾಗಿ ಹಿಡಿದ ಸ್ಲೇಟು ಅದು. ಅವನಿಗೆ ಮಾತು ತೊದಲುತ್ತದೆ. ಶಾಲೆ ತೆರೆದ ಮೇಲೆ ಕೆಲವು ತಿಂಗಳು ಕಳಿಸಿದೆವು. ಗಟ್ಟಿಯಾಗಿ ಓದು ಎಂದರೆ ಮಕ್ಕಳು ನಗುತ್ತಿದ್ದರಂತೆ. ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಒಂದು ವರ್ಷ ನೋಡೋಣ ಎಂದು ಮನೆಯಲ್ಲಿ ಇಟ್ಟುಕೊಂಡೆವು, ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ತಂಗಿಯೂ ಅವನ ಹಿಂದೆ ಉಳಿದಳು. ಟಿಕೋಟದಲ್ಲಿರುವ ನಮ್ಮ ಅತ್ತೆಯವರು ಇವತ್ತಿಗೂ 'ಎರಡೂ ಕೂಸುಗಳನ್ನ ಮನ್ಯಾಗ ಕಟ್ಟಿ ಹಾಕೀದಿಯವಾ' ಎನ್ನುತ್ತಾರೆ.

ಹೀಗಿರುವಾಗ ನಾನು ಎಲ್ಲರ ಬಾಯಿ ಮುಚ್ಚಿಸಬೇಕೆಂದು ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಕನ್ನಡ, ಹನ್ನೊಂದೂವರೆಗೆ ಇಂಗ್ಲಿಷ್. ಒಂದು ದಿನ ತಪ್ಪಿದರೂ ನನಗೇ ಅಪರಾಧಿ ಭಾವ. ಶಾಲೆಯ ಮಕ್ಕಳಿಗಿಂತ ನಮ್ಮ ಮಕ್ಕಳು ಹಿಂದೆ ಬಿದ್ದರೆ ಬೈಗುಳ ಯಾರಿಗೆ ಹೇಳಿ?

ಮಂಗಳವಾರ ಗಣಿತ. ನಮ್ಮ ಮನೆಯವರದು ಒಣದ್ರಾಕ್ಷಿ ವ್ಯಾಪಾರ, ಹಾಗಾಗಿ ಲೆಕ್ಕವೂ ದ್ರಾಕ್ಷಿಯದೇ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿಸಿದರೆ ಒಂದು ಕಿಲೋ ಒಣದ್ರಾಕ್ಷಿ. ಹದಿನಾರು ಕ್ವಿಂಟಲ್ ಹಣ್ಣಿಗೆ ಎಷ್ಟು? ಟಿಕೋಟದ ಅಜ್ಜನ ಮನೆಯ ಶೆಡ್ಡಿನಲ್ಲಿ ಆಡಿ ಬೆಳೆದ ಹುಡುಗ ಬಾಯಲ್ಲೇ ಹೇಳುವ ಲೆಕ್ಕ. ಅಂದು 'ಅರವತ್ನಾಲ್ಕು' ಎಂದ. ಮತ್ತೆ ಕೇಳಿದೆ, ಸುಮ್ಮನೆ ಕುಳಿತ. ಮೂರನೆಯ ಸಲ ಕೇಳುವಾಗ ನನ್ನ ದನಿ ಏರಿತ್ತು. 'ಶಾಲೆಗೆ ಹೋಗಿದ್ದರ ಛಡಿ ಏಟು ಬೀಳತಿತ್ತು' ಎಂದುಬಿಟ್ಟೆ. ಯಾವ ಭಯದಿಂದ ಅವನನ್ನು ಬಿಡಿಸಿ ತಂದಿದ್ದೆನೋ ಅದೇ ಭಯವನ್ನು ಮನೆಯಲ್ಲಿ ಕೂತು ನಾನೇ ಹುಟ್ಟಿಸುತ್ತಿದ್ದೆ. ಪೆನ್ಸಿಲ್ ಕಸಿದುಕೊಳ್ಳಲು ಹೋದಾಗ ಕೈ ತಾಗಿತು. ಕೆಂಡದಂಥ ಕೈ! ಥರ್ಮಾಮೀಟರ್ ಇಟ್ಟರೆ 102.

ಆ ಕ್ಷಣ ಇಂದಿಗೂ ಚುಚ್ಚುತ್ತದೆ. ಶಾಲೆಯಲ್ಲಿ ನಲವತ್ತು ಮಕ್ಕಳ ನಡುವೆ ಒಬ್ಬನ ಜ್ವರ ಕಾಣಲಿಲ್ಲವೆಂದರೆ ಟೀಚರಿಗೆ ಕ್ಷಮೆಯುಂಟು. ಇಬ್ಬರೇ ಮಕ್ಕಳಿರುವ ನನಗೆ?

ಬುಧವಾರ ಹೊಸ ವರ್ಷದ ದಿನ ಗೋಲಗುಮ್ಮಟಕ್ಕೆ ಹೋಗಿ ಪ್ರತಿಧ್ವನಿಯ ಪಾಠ ಮಾಡುವ ಯೋಜನೆಯಿತ್ತು. ಅದರ ಬದಲು ಮಗಳೂ ಮಲಗಿದಳು. ಸುದ್ದಿ ತಿಳಿದು ಅತ್ತೆ ಮೊದಲ ಬಸ್ಸಿಗೇ ಟಿಕೋಟದಿಂದ ಬಂದರು. ಬಂದವರು ಶುಂಠಿ, ಮೆಣಸು, ತುಳಸಿ, ಬೆಲ್ಲ ಹಾಕಿ ಕಷಾಯ ಕುದಿಸಿದರು. ಅದಕ್ಕೆ ನನ್ನ ತಕರಾರಿಲ್ಲ, ಬೆಚ್ಚಗಿನದು ಗಂಟಲಿಗೆ ಹಿತ. ಆದರೆ 'ಹೊಲದಾಗ ಥಂಡಿಗಾಳಿ ಹತ್ತೇತಿ' ಎಂದಾಗ ಮೂಗು ಸುರಿಯುತ್ತಿದ್ದ ಹುಡುಗನ ತಾಟು ನೆನಪಾಯಿತು. ಫ್ಲೂ ಬರುವುದು ವೈರಸ್ಸಿನಿಂದ, ಗಾಳಿಯ ಮೇಲೆ ತಪ್ಪು ಹೊರಿಸಿ ನಾವು ಕೈ ತೊಳೆಯುವುದನ್ನು ಮರೆಯುತ್ತೇವೆ. ರಾತ್ರಿ ಅತ್ತೆ ಕೆಂಡದ ಶೇಗಡಿಯನ್ನು ಮಕ್ಕಳ ಕೋಣೆಯೊಳಗೆ ತಂದಿಡಲು ಹೊರಟಾಗ ಮಾತ್ರ ನಾನು ಅಡ್ಡ ನಿಂತೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದಲ್ಲೇ ಹೋಗಬಹುದು. ಚಳಿಗೆ ಇನ್ನೊಂದು ಕೌದಿ ಹೊದಿಸಿ, ಕೆಂಡ ಬೇಡವೇ ಬೇಡ.

ಡಾಕ್ಟರು ಕೊಟ್ಟದ್ದು ಪ್ಯಾರಾಸಿಟಮಾಲ್ ಒಂದೇ. ನನಗೆ ಸಮಾಧಾನವಾಗಲಿಲ್ಲ, 'ಆ್ಯಂಟಿಬಯಾಟಿಕ್ ಬರೀರಿ ಸರ್' ಎಂದೆ. ವೈರಸ್ಸಿಗೆ ಅದು ನಾಟುವುದಿಲ್ಲ ಎಂದರು. ಪ್ಯಾರಾಸಿಟಮಾಲನ್ನೂ ವಯಸ್ಸು ನೋಡಿ ಅಲ್ಲ, ಮಗುವಿನ ತೂಕ ನೋಡಿ ಕೊಡಬೇಕು. ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ತಾಸು, ದಿನಕ್ಕೆ ನಾಲ್ಕು ಸಲ ಮೀರದಂತೆ. ದೊಡ್ಡವರ ಆಸ್ಪಿರಿನ್ ಅರ್ಧ ಮಾಡಿ ಮಕ್ಕಳಿಗೆ ಕೊಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಮಗು ನೀರೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಫಿಟ್ಸ್ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೂ ಹಾಗೆಯೇ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮೂರು ದಿನಕ್ಕೂ ಇಳಿಯದ ಜ್ವರವನ್ನು ಮತ್ತೆ ತೋರಿಸಲೇಬೇಕು.

ಹೊರಡುವಾಗ ನನ್ನ ಚೀಲದಲ್ಲಿದ್ದ ಗಣಿತದ ಪುಸ್ತಕ ಡಾಕ್ಟರ ಕಣ್ಣಿಗೆ ಬಿತ್ತು. ಕ್ಲಿನಿಕ್ಕಿನಲ್ಲಿ ಪಾಳಿ ಕಾಯುವಾಗ ಒಂದು ಪುಟ ಆದೀತೆಂದು ತಂದಿದ್ದೆ! 'ಅಕ್ಕಾರ, ನಿಮ್ಮ ಸಾಲಿಗೂ ಸೂಟಿ ಕೊಡ್ರಿ' ಎಂದು ನಕ್ಕರು. ನನಗೆ ನಾಚಿಕೆಯಾಯಿತು.

ಸೂಟಿ ಕೊಟ್ಟೆ. ಆದರೆ ಒಂದನ್ನು ಉಳಿಸಿಕೊಂಡೆ, ಓದಿ ಹೇಳುವುದನ್ನು. ಜ್ವರದ ಮಗುವಿಗೆ ಬರೆಯಲಾಗದು, ಲೆಕ್ಕ ಹತ್ತದು, ಟಿವಿ ನೋಡಿದರೆ ತಲೆ ಸಿಡಿಯುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಲು ಮಾತ್ರ ಬರುತ್ತದೆ. ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ತಮ್ಮ ಬಾಲ್ಯದ ಕಥೆಗಳನ್ನು ಬರೆದಿದ್ದಾರಲ್ಲ, ಎಸ್. ಅನಂತನಾರಾಯಣ ಅವನ್ನು ಕನ್ನಡಕ್ಕೆ ತಂದಿದ್ದಾರೆ. ಅದರಲ್ಲಿ 1880-81ರ ಭೀಕರ ಚಳಿಗಾಲದ ಕಥೆ ಹಿಡಿದೆ. ಹಿಮ ಬಿದ್ದು ರೈಲು ನಿಂತುಹೋಗುತ್ತದೆ, ಶಾಲೆ ಮುಚ್ಚುತ್ತದೆ, ಕಲ್ಲಿದ್ದಲು ಮುಗಿದು ಒಣಹುಲ್ಲನ್ನು ಹುರಿ ಹೊಸೆದು ಉರಿಸುತ್ತಾರೆ, ಕಾಫಿ ಬೀಜದ ಪುಟ್ಟ ಯಂತ್ರದಲ್ಲಿ ಗೋಧಿ ಬೀಸಿ ರೊಟ್ಟಿ ಮಾಡುತ್ತಾರೆ. 'ಅವರ ಮನ್ಯಾಗ ಬೀಸುಕಲ್ಲ ಇರಲಿಲ್ಲೇನು?' ಎಂದು ಕೌದಿಯೊಳಗಿಂದ ಮಗಳು ಕೇಳಿದಳು. ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ಕುಳಿತರು. 'ಮುಂದ ಏನಾತು ಓದವಾ' ಎಂದವರು ಅವರೇ. ಕೂಸುಗಳನ್ನು ಕಟ್ಟಿ ಹಾಕಿದ್ದೇನೆಂಬ ಮಾತು ಅಂದು ಬರಲಿಲ್ಲ!

ಗುರುವಾರ, ಜನವರಿ 2. ಸಿದ್ಧೇಶ್ವರ ಸ್ವಾಮೀಜಿ 2023ರಲ್ಲಿ ಅಗಲಿದ ದಿನ. ಅಪ್ಪಗಳು ಹುಟ್ಟಿದ ಬಿಜ್ಜರಗಿ ಟಿಕೋಟ ತಾಲ್ಲೂಕಿನದೇ. ಅತ್ತೆ ಊರವರ ಜೊತೆ ಜ್ಞಾನಯೋಗಾಶ್ರಮಕ್ಕೆ ಹೋದರು. ಮನೆಯವರು ವ್ಯಾಪಾರಕ್ಕೆಂದು ಹಿಂದಿನ ದಿನವೇ ಸಾಂಗ್ಲಿಗೆ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ನನಗೆ ಚಳಿ ಹತ್ತಿತು. ಮೈಕೈ ನೋವು, ಗಂಟಲು ಪೂರ್ತಿ ಕಟ್ಟಿತು. ಆದರೂ ಎದ್ದು ಗಂಜಿ ಕಾಯಿಸಿದೆ, ಔಷಧಿ ಕೊಟ್ಟೆ, ಪುಸ್ತಕ ಹಿಡಿದು ಕುಳಿತೆ. ದನಿಯೇ ಹೊರಡಲಿಲ್ಲ.

ನಾಲ್ಕನೆಯ ಪ್ರಶ್ನೆ ಆಗ ಎದುರಿಗೆ ನಿಂತಿತು. ತಾಯಿಗೆ ಜ್ವರ ಬಂದರೆ ಈ ಶಾಲೆ ಯಾರು ನಡೆಸುತ್ತಾರೆ? ಸರ್ಕಾರಿ ಟೀಚರಿಗೆ ಸಿಎಲ್ ಇದೆ, ಅವರ ಬದಲಿಗೆ ಇನ್ನೊಬ್ಬರು ವರ್ಗ ನೋಡಿಕೊಳ್ಳುತ್ತಾರೆ. ನಾನು ಟೀಚರು, ಅಡುಗೆಯವಳು, ನರ್ಸು, ಸಿಪಾಯಿ ಎಲ್ಲಾ. ಇಷ್ಟು ವರ್ಷ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ!

ಸ್ವಲ್ಪ ಹೊತ್ತಿಗೆ ಮಗ ನನ್ನ ಕೈಯಿಂದ ಪುಸ್ತಕ ತಗೊಂಡ. ಅವನ ಜ್ವರ ಇಳಿದಿತ್ತು. ಒಬ್ಬನೇ ಓದಿಕೊಳ್ಳುತ್ತಾನೆ ಎಂದುಕೊಂಡೆ. ಗಟ್ಟಿಯಾಗಿ ಓದತೊಡಗಿದ. ಮೊದಲ ಸಾಲಿನಲ್ಲೇ 'ಹ' ಅಕ್ಷರಕ್ಕೆ ಸಿಕ್ಕಿಕೊಂಡ. ಹಿಮ ಎನ್ನಬೇಕು, ಬರುತ್ತಿಲ್ಲ. ನನ್ನ ಬಾಯಿಗೆ ಆ ಶಬ್ದ ಬಂದಿತ್ತು. ಇಂಥ ಮಕ್ಕಳ ಮಾತನ್ನು ನಾವು ಪೂರ್ತಿ ಮಾಡಿಕೊಡಬಾರದು, ಕಾಯಬೇಕು ಎಂಬುದು ನನಗೆ ಗೊತ್ತು, ಗೊತ್ತಿದ್ದೂ ದಿನಕ್ಕೆ ಹತ್ತು ಸಲ ತಪ್ಪುತ್ತೇನೆ. ಅಂದು ದನಿ ಇರಲಿಲ್ಲವಾದ್ದರಿಂದ ತಪ್ಪಲು ಆಗಲಿಲ್ಲ. ತಂಗಿ ಸುಮ್ಮನೆ ಕಾದಳು. ಅವನು ದಾಟಿದ. ಹನ್ನೊಂದು ಪುಟ ಓದಿದ, ನಾನು ಎಣಿಸಿದ್ದೇನೆ. ಯಾರೂ ನಗಲಿಲ್ಲ.

ಕೌದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಜ್ವರಕ್ಕೋ ಸಂತೋಷಕ್ಕೋ ಹೇಳಲಾರೆ. ನಾನು ಮಧ್ಯೆ ಮಧ್ಯೆ ತಿದ್ದುತ್ತಾ ಕುಳಿತಿದ್ದ ಇಷ್ಟು ವರ್ಷಗಳಲ್ಲಿ ಅವನು ಇಷ್ಟು ಓದಿರಲಿಲ್ಲ ಎಂಬ ಸಂಕಟವೂ ಅದರಲ್ಲಿತ್ತು.

ಶುಕ್ರವಾರ ಮನೆಯವರು ಬಂದರು. 'ಫೋನ್ ಮಾಡಿದ್ದರ ಬರತಿದ್ದೆ' ಎಂದರು. ಎಲ್ಲರ ಮನೆಯವರೂ ಹೀಗೇ ಅನ್ನುತ್ತಾರೆ, ಅಲ್ಲವೇ? ಹೇಳಿದರೆ ಮಾತ್ರ ತಿಳಿಯುವ ಜಾತಿ. ನನ್ನ ತಪ್ಪೂ ಇತ್ತು, ಯಾವ ಮಗುವಿಗೆ ಯಾವ ಪಾಠ ನಡೆದಿದೆ ಎಂದು ಅವರಿಗೆ ಒಂದು ದಿನವೂ ತೋರಿಸಿರಲಿಲ್ಲ. ನನ್ನದೇ ರಾಜ್ಯವೆಂದು ಬೀಗ ಹಾಕಿಕೊಂಡಿದ್ದೆ. ದನಿ ಬಂದ ಮೇಲೆ ಕೂತು ಮಾತಾಡಿದೆವು, ಸ್ವಲ್ಪ ಜಗಳವೂ ಆಯಿತು. ಗೋಡೆಯ ವೇಳಾಪಟ್ಟಿ ಕಿತ್ತು, ಒಂದು ಹಳೆಯ ಡೈರಿಯಲ್ಲಿ ದಿನದ ಪಾಠ ಎರಡೇ ಸಾಲು ಬರೆದಿಡಲು ಶುರು ಮಾಡಿದೆ. ನಾನು ಮಲಗಿದರೆ ಯಾರು ಬೇಕಾದರೂ ಅಲ್ಲಿಂದ ಮುಂದುವರಿಸಬಹುದು. ಅಡುಗೆಮನೆಯ ಡಬ್ಬಿಯ ಮೇಲೆ ಇಬ್ಬರ ತೂಕ, ಔಷಧಿಯ ಅಳತೆ, ಡಾಕ್ಟರ ನಂಬರು ಅಂಟಿಸಿದೆ. ಶನಿವಾರ ಪೂರ್ತಿ ಅಪ್ಪನ ಶಾಲೆ. ಅಂದು ನಾನು ಏನನ್ನೂ ಕೇಳುವುದಿಲ್ಲ. ಇದು ಹೇಳುವಷ್ಟು ಸುಲಭವಲ್ಲ, ಮೊದಲ ಶನಿವಾರ ಮೂರು ಸಲ ಇಣುಕಿದ್ದೆ.

ಇದನ್ನು ಓದಿ 'ನಾವೂ ಮಕ್ಕಳನ್ನು ಬಿಡಿಸೋಣ' ಎಂದು ಹೊರಡಬೇಡಿ ಮತ್ತೆ! ಒಳ್ಳೆಯ ಶಾಲೆ ಹತ್ತಿರದಲ್ಲಿದ್ದು ಮಗು ನಗುತ್ತಾ ಹೋಗುತ್ತಿದ್ದರೆ ಕಳಿಸಿ, ಅದಕ್ಕಿಂತ ದೊಡ್ಡ ಪುಣ್ಯವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಮನೆಪಾಠಕ್ಕೆಂದು ಅದರಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಅದೇ ಕಾಯ್ದೆಯಲ್ಲಿ, ಶಾಲೆಯ ಹೊರಗುಳಿದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದೂ ಇದೆ. ಮುಂದೆ ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಈ ಎರಡು ಬಾಗಿಲು ತೆರೆದಿವೆ ಎಂಬ ಧೈರ್ಯದ ಮೇಲೆ ನಾವಿದ್ದೇವೆ. ಮಗ ನಾಳೆ ಶಾಲೆಗೆ ಹೋಗುತ್ತೇನೆ ಎಂದರೆ ಚೀಲ ನಾನೇ ತುಂಬಿಕೊಡುತ್ತೇನೆ.

ಸದ್ಯಕ್ಕೆ ಶನಿವಾರ ಮಧ್ಯಾಹ್ನ ಅವರಪ್ಪ ಓದುತ್ತಾರೆ. ವಾರವಿಡೀ ಅಡತಿ ಅಂಗಡಿಯಲ್ಲಿ ಕೂಗಿ ಕೂಗಿ ದಣಿದ ಮನುಷ್ಯ, ನಾಲ್ಕನೆಯ ಪುಟಕ್ಕೆ ತೂಕಡಿಸುತ್ತಾರೆ. ಎಚ್ಚರವಾದಾಗ ಬೇರೆಯೇ ಪುಟ ಹಿಡಿದಿರುತ್ತಾರೆ. 'ಪಪ್ಪಾ, ಇನ್ನೂ ರೈಲು ಬಂದಿಲ್ಲ' ಎಂದು ಮಗಳು ಎಬ್ಬಿಸುತ್ತಾಳೆ. ಮಗ ಪುಸ್ತಕ ಇಸಿದುಕೊಂಡು, ಹಿಂದಿನ ಪುಟಕ್ಕೆ ತಿರುಗಿಸಿ, ತಾನೇ ಓದುತ್ತಾನೆ. ನಾನು ಹೊರಗಿನ ಕಟ್ಟೆಯ ಮೇಲೆ ಮೆಂತ್ಯೆಪಲ್ಯ ಸೋಸುತ್ತಾ ಕುಳಿತಿರುತ್ತೇನೆ.