ಪತ್ತೇದಾರನಿಗೆ ಶಾಲು ಬೇಡ, ಕಥೆ ಬೇಕು

1988ರಲ್ಲಿ ಅಮೆರಿಕದ ಲೇಖಕ ರೇಮಂಡ್ ಚಾಂಡ್ಲರನ ಜನ್ಮಶತಾಬ್ದಿ ಬಂದಿತು. ಪತ್ತೇದಾರಿ ಕಥೆ ಬರೆಯುವ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಂದು ಮಾಡಿದ ಕೆಲಸ ಮೆಚ್ಚತಕ್ಕದ್ದು. ಆತ ಸೃಷ್ಟಿಸಿದ ಖಾಸಗಿ ಪತ್ತೇದಾರ ಫಿಲಿಪ್ ಮಾರ್ಲೋನನ್ನು ನಾಯಕನಾಗಿಟ್ಟುಕೊಂಡು ತಲೆಗೊಂದು ಹೊಸ ಕಥೆ ಬರೆದು ಒಂದು ಸಂಕಲನವನ್ನೇ ತಂದರು. ಚಾಂಡ್ಲರನ ಋಣ ತಮ್ಮ ಮೇಲೆ ಎಷ್ಟಿದೆಯೆಂಬುದನ್ನೂ ಅದರಲ್ಲಿ ಹೇಳಿಕೊಂಡರು.

ನಮ್ಮ ಎನ್. ನರಸಿಂಹಯ್ಯನವರು ಹುಟ್ಟಿದ್ದು 1925ರಲ್ಲಿ. ಓದಿದ್ದು ನಾಲ್ಕನೆಯ ತರಗತಿ. ಬರೆದದ್ದು ಐದುನೂರಕ್ಕೂ ಮಿಕ್ಕಿ ಕಾದಂಬರಿ. 1952ರ ‘ಪತ್ತೇದಾರ ಪುರುಷೋತ್ತಮ’ನಿಂದ ಮೊದಲಾದ ಆ ಬರವಣಿಗೆ ಕನ್ನಡಕ್ಕೆ ಓದುಗರ ದೊಡ್ಡ ಪಡೆಯನ್ನೇ ಕಟ್ಟಿಕೊಟ್ಟಿತು. ಅವರು ತೀರಿಕೊಂಡದ್ದು 2011ರಲ್ಲಿ. ನೂರು ತುಂಬಿದ್ದು 2025ರಲ್ಲಿ. ಪುರುಷೋತ್ತಮನಿಗೂ ಅಂಥದೊಂದು ಸಂಕಲನ ಸಲ್ಲಲೇಬೇಕೆಂಬುದು ನನ್ನ ವಾದ.

ಅದು ಅಗ್ಗದ ಸಾಹಿತ್ಯವೆಂದು ಮೂಗು ಮುರಿಯುವವರುಂಟು. ನಾನೂ ಅವರಲ್ಲೊಬ್ಬನಾಗಿದ್ದೆ. ಜಯನಗರದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ, ಹುಡುಗನೊಬ್ಬ ಪಠ್ಯದೊಳಗೆ ಅಡಗಿಸಿಟ್ಟು ಓದುತ್ತಿದ್ದ ಪುರುಷೋತ್ತಮನನ್ನು ಕಸಿದು ಹರಿದು ಹಾಕಿದೆ. ಅದು ಬಾಡಿಗೆಗೆ ತಂದ ಪುಸ್ತಕ. ದಂಡ ತೆತ್ತವಳು ಹೂ ಮಾರುತ್ತಿದ್ದ ಅವನ ತಾಯಿ. ಆ ವರ್ಷ ಆ ಹುಡುಗ ತಾನಾಗಿ ಮತ್ತೊಂದು ಪುಸ್ತಕ ಹಿಡಿದದ್ದನ್ನು ನಾನು ಕಾಣಲಿಲ್ಲ. ಅಗ್ಗವಾದದ್ದು ಯಾವುದು, ಆ ಕಾದಂಬರಿಯೋ ನನ್ನ ಪಾಂಡಿತ್ಯವೋ?

ಇದೆಲ್ಲ ಬರಿಯ ನಕಲಾದೀತೆಂಬುದು ಇನ್ನೊಂದು ಆಕ್ಷೇಪ. ಹಳೆಯ ಶೈಲಿಯನ್ನೇ ತಿದ್ದಿ ಬರೆದರೆ ನಕಲು ನಿಜ. ಆದರೆ ಜೆ.ಪಿ. ನಗರದ ಒಂದೇ ನಿವೇಶನವನ್ನು ಮೂವರಿಗೆ ಮಾರಿದವನ ಬೆನ್ನನ್ನು ಪುರುಷೋತ್ತಮ ಹತ್ತಲಿ. ಬನಶಂಕರಿಯ ಒಂಟಿ ಮುದುಕಿಗೆ ಫೋನು ಮಾಡಿ ಪಿಂಚಣಿ ದೋಚಿದವನನ್ನು ಹುಡುಕಲಿ. ಹಳೆಯ ಪತ್ತೇದಾರನಿಗೆ ಇಂದಿನ ಪ್ರಕರಣವನ್ನು ಒಪ್ಪಿಸುವುದು ನಕಲಲ್ಲ, ನಂಬಿಕೆ.

ಕೃತಿಸ್ವಾಮ್ಯದ ಮಾತೂ ಉಂಟು. ನಮ್ಮ ಕಾನೂನಿನಂತೆ ಅದು ಲೇಖಕನ ಕಾಲಾನಂತರ 60 ವರ್ಷ, ಎಂದರೆ 2071ರ ಕೊನೆಯವರೆಗೆ ಇರುತ್ತದೆ. ಆದುದರಿಂದ ಹಕ್ಕುದಾರರ ಅನುಮತಿ ಪಡೆಯಬೇಕು, ಸಂಭಾವನೆ ಕೊಡಬೇಕು. ಹಾರ, ಶಾಲು, ಫಲತಾಂಬೂಲಗಳಿಗೆ ಸುರಿಯುವ ಹಣ ಅದಕ್ಕೆ ಧಾರಾಳವಾಗಿ ಸಾಕು.

ಕಥೆಗಾರ ಮಿತ್ರರೇ, ಶತಮಾನದ ವರ್ಷ ಕಳೆಯಿತೆಂದು ಸುಮ್ಮನಾಗಬೇಡಿ. ನೀವು ಬರೆದರೆ ನಾನು ಎರಡು ಪ್ರತಿ ಕೊಳ್ಳುತ್ತೇನೆ. ಒಂದು ನನಗೆ, ಇನ್ನೊಂದು, ಎಂದಾದರೂ ಎದುರಾದರೆ, ಆ ಹುಡುಗನಿಗೆ. ಅವನಿಗೀಗ ಅರವತ್ತು ಸಮೀಪಿಸಿರಬೇಕು.