ಒಡವೆಯ ವಯಸ್ಸು ಮಣ್ಣಿನಲ್ಲಿದೆ

ಹೊಲದಲ್ಲಿ ಹಳೇ ಚಿನ್ನದ ಒಡವೆ ಸಿಕ್ಕಿದರೆ ನಮ್ಮ ಜನ ಮೊದಲು ಮಾಡೋದು ತೊಳೆಯೋದು. ಆಮೇಲೆ ಅಕ್ಕಸಾಲಿಗನ ಹತ್ತಿರ ಓಡೋದು. ಎರಡೂ ತಪ್ಪು ಅಂತ ನನ್ನ ಅಭಿಪ್ರಾಯ. ಅಕ್ಕಸಾಲಿಗ ತೂಕ ಹೇಳ್ತಾನೆ, ಒರೆಗಲ್ಲಿಗೆ ತಿಕ್ಕಿ ಮಟ್ಟ ಹೇಳ್ತಾನೆ. ಯಾವ ಕಾಲದ್ದು ಅಂತ ಅವನಿಂದ ಹೇಳಲಾಗದು.

ಚಿನ್ನಕ್ಕೆ ತುಕ್ಕಿಲ್ಲ. ಮೂರು ಸಾವಿರ ವರ್ಷ ನೆಲದಲ್ಲಿದ್ದರೂ ಹೊಳೆಯುತ್ತದೆ. ಕಾಲ ತಿಳಿಯುವ ಇಂಗಾಲದ ಪರೀಕ್ಷೆಗೆ ಹಿಂದೆ ಜೀವ ಇದ್ದ ವಸ್ತು ಬೇಕು: ಇದ್ದಲು, ಸುಟ್ಟ ಕಾಳು, ಎಲುಬು. ಚಿನ್ನಕ್ಕೆ ಆ ಪರೀಕ್ಷೆ ನಡೆಯೋದಿಲ್ಲ. ಹಾಗಾಗಿ ಒಡವೆಯ ವಯಸ್ಸು ಅದರ ಸುತ್ತಲಿನ ಮಣ್ಣಿನಲ್ಲಿ ಇರುತ್ತದೆ. ಅದೇ ಪದರದಲ್ಲಿ ಕೈಯಿಂದ ಮಾಡಿದ ಬೂದು ಮಡಕೆ ಚೂರು, ಉಜ್ಜಿ ನುಣುಪು ಮಾಡಿದ ಕಲ್ಲುಕೊಡಲಿ ಇದ್ದರೆ ಒಂದು ಕಾಲ. ಕಪ್ಪು-ಕೆಂಪು ಮಡಕೆ, ಕಬ್ಬಿಣ ಇದ್ದರೆ ಅದಕ್ಕಿಂತ ಈಚಿನ ಕಾಲ. ಬಳ್ಳಾರಿ ಜಿಲ್ಲೆ ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಅಗೆದಾಗ ಕಲ್ಲುಕೊಡಲಿ ಕಾಲದವರ ಚಿನ್ನದ ಕಿವಿ ಒಡವೆ ಸಿಕ್ಕಿತು. ಪದರ ಪದರವಾಗಿ ಅಗೆದದ್ದಕ್ಕೇ ಅದು ಮೂರೂವರೆ ಸಾವಿರ ವರ್ಷದಷ್ಟು ಹಳೇದು ಅಂತ ಹೇಳಲು ಬಂತು.

ಮಣ್ಣು ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ಉತ್ತರ ಪ್ರದೇಶದ ಎರಡು ಊರು ನೋಡಿ. ಮುಜಫ್ಫರನಗರ ಜಿಲ್ಲೆಯ ಮಂಡಿಯಲ್ಲಿ 2000ರಲ್ಲಿ ಹೊಲ ಮಟ್ಟ ಮಾಡುವಾಗ ಚಿನ್ನದ ಒಡವೆಯ ರಾಶಿ ಬಿತ್ತು. ಊರೇ ಮುಗಿಬಿದ್ದು ಬಾಚಿಕೊಂಡಿತು. ಸರ್ಕಾರಕ್ಕೆ ವಾಪಸ್ ಸಿಕ್ಕಿದ್ದು ಸುಮಾರು 10 ಕಿಲೋ. ಮಣಿ, ಬಳೆಗಳ ಆಕಾರವನ್ನು ಹರಪ್ಪ, ಮೊಹೆಂಜೊದಾರೊ ಒಡವೆಗೆ ಹೋಲಿಸಿ ಸಿಂಧೂ ನಾಗರಿಕತೆಯದು ಅಂದರು. ಹೋಲಿಕೆ ಬಿಟ್ಟರೆ ಬೇರೆ ಆಧಾರ ಉಳಿದಿರಲಿಲ್ಲ.

ಬಾಗಪತ್ ಜಿಲ್ಲೆಯ ಸನೌಲಿಯಲ್ಲೂ ರೈತರ ಹೊಲದಲ್ಲೇ ಎಲುಬು, ಮಡಕೆ ಕಂಡವು. ಅಲ್ಲಿ 2005-06ರಲ್ಲಿ ಪುರಾತತ್ವ ಇಲಾಖೆಯವರು ಅಗೆದು 116 ಸಮಾಧಿ ಗುರುತಿಸಿದರು. ಚಿನ್ನವೂ ಸಿಕ್ಕಿತು, ಅದು ಯಾರ ಜೊತೆ ಹೂತದ್ದು ಅನ್ನೋದೂ ತಿಳಿಯಿತು. 2018ರಲ್ಲಿ ಮತ್ತೆ ಅಗೆದಾಗ ಸಿಕ್ಕಿದ್ದರ ಇಂಗಾಲ ಪರೀಕ್ಷೆ ಸುಮಾರು 3,800 ವರ್ಷ ಅಂತ ತೋರಿಸಿತು.

ಹಾಗಂತ ಮಂಡಿಯ ಜನರನ್ನಷ್ಟೇ ಬೈದರೆ ನ್ಯಾಯವಲ್ಲ. ರೈತನಿಗೆ ಆಸೆಗಿಂತ ಹೆಚ್ಚಾಗಿ ಹೆದರಿಕೆ ಇರುತ್ತೆ. ಹೇಳಿದರೆ ಪೊಲೀಸರು ಬರ್ತಾರೆ, ಹೊಲಕ್ಕೆ ಬೇಲಿ ಬೀಳುತ್ತೆ, ಹಿಂಗಾರಿ ಬಿತ್ತನೆ ಹೋಗುತ್ತೆ. 1878ರ ನಿಧಿ ಕಾಯ್ದೆ ಪ್ರಕಾರ ಬಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸರ್ಕಾರ ತಾನೇ ಇಟ್ಟುಕೊಂಡರೆ ಕೊಡೋದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಒಡವೆಯ ಹಳೇತನಕ್ಕೆ ಬೆಲೆಯಿಲ್ಲ! ಇಂಗ್ಲೆಂಡಿನಲ್ಲಿ 1996ರ ಕಾಯ್ದೆಯಿಂದ ಮ್ಯೂಸಿಯಂ ಕೊಂಡರೆ ಮಾರುಕಟ್ಟೆ ಬೆಲೆ ಕಟ್ಟುತ್ತಾರೆ. ಆ ಹಣವನ್ನು ಸಿಕ್ಕವನಿಗೂ ಹೊಲದವನಿಗೂ ಹಂಚಬಹುದು. ನಮ್ಮಲ್ಲೂ ಹಾಗೆ ಆಗಬೇಕು. ಬಿತ್ತನೆ ನಿಂತರೆ ಬೆಳೆ ಪರಿಹಾರವೂ ಸಿಗಬೇಕು. ಇಲ್ಲದಿದ್ದರೆ ಒಡವೆ ಮೂಸೆಗೇ ಹೋಗುತ್ತೆ, ಯಾರೂ ತಡೆಯೋಕಾಗಲ್ಲ.

ಕಾಯ್ದೆ ಬದಲಾಗೋವರೆಗೆ ನಮ್ಮ ಕೈಲಾಗೋದು ಇಷ್ಟು. ಹಾಳೂರ ದಿಬ್ಬದ ಮಣ್ಣು ಹೇರುವಾಗ, ಜೇಸಿಬಿಯಿಂದ ಹೊಲ ಮಟ್ಟ ಮಾಡಿಸುವಾಗ ಕಣ್ಣಿಟ್ಟಿರಿ. ಏನಾದರೂ ಹೊಳೆದರೆ ಯಂತ್ರ ನಿಲ್ಲಿಸಿ. ಕೀಳಬೇಡಿ, ತೊಳೆಯಬೇಡಿ, ತಿಕ್ಕಬೇಡಿ. ಆಗಲೇ ಮೇಲೆ ಬಂದಿದ್ದರೆ ಮಣ್ಣು ಸಮೇತ ಎತ್ತಿಡಿ. ಜಾಗಕ್ಕೆ ಗೂಟ ಹೊಡೆದು, ಎಷ್ಟು ಗೇಣು ಆಳ ಅಂತ ಬರೆದುಕೊಳ್ಳಿ. ಪಕ್ಕದ ಮಡಕೆ ಚೂರು, ಇದ್ದಲನ್ನು ಕಸ ಅಂತ ಎಸೆಯಬೇಡಿ. ನಾಲ್ಕು ಜನರ ಎದುರು ಫೋಟೋ ತೆಗೆಸಿ ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಆ ಚೀಟಿ ನಿಮ್ಮ ಪಾಲಿಗೂ ಆಧಾರ, ಒಡವೆಯ ಚರಿತ್ರೆಗೂ ಆಧಾರ.