ಬೀಗರ ಕಣ್ಣಿಗಾಗಿ ಸೀರೆಯೇ?



ಹೊಸ ಸೀರೆ ಕೊಳ್ಳಬೇಕೋ ಬೇಡವೋ ಎಂಬುದು ಅಡುಗೆಮನೆಯ ಮಾತು, ಅದಕ್ಕೆ ಧರ್ಮದ ಪತ್ರಿಕೆಯಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಕಾಯಕ, ದಾಸೋಹ ಎಂದು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವುದು ಸುಲಭ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತಾಗ ಆ ಮಾತು ನೆನಪಿಗೆ ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ.

ನಾನು ಹೊಲಿಗೆ ಕಾಯಕದವಳು. ಜನ ಹೊಸ ಸೀರೆ ಕೊಂಡಷ್ಟೂ ನನಗೆ ಜಂಪರ ಹೊಲಿಯುವ ಕೆಲಸ ಹೆಚ್ಚು. ಆದ್ದರಿಂದ ಕೊಳ್ಳಬೇಡಿ ಎನ್ನುವುದರಲ್ಲಿ ನನಗೆ ಲಾಭವಿಲ್ಲ. ಆದರೂ ಹೇಳುತ್ತೇನೆ. ಮದುವೆಯ ದಿನಗಳಲ್ಲಿ ನನ್ನ ಮಷಿನ್ನಿನ ಮುಂದೆ ಬಂದು ಕೂಡುವ ಅಕ್ಕಂದಿರಲ್ಲಿ ಎಷ್ಟೋ ಮಂದಿ ಸಂಘದ ಸಾಲ ಎತ್ತಿ ಸೀರೆ ತಂದವರು. ಒಮ್ಮೆ ಉಟ್ಟು ಟ್ರಂಕಿಗೆ ಹಾಕುತ್ತಾರೆ, ವಾರದ ಕಂತು ಮಾತ್ರ ವರ್ಷವಿಡೀ ಕಟ್ಟುತ್ತಾರೆ.

ಈಗ ನನ್ನ ಮನೆಯ ಲೆಕ್ಕ ಕೇಳಿ. ಮುಂದಿನ ತಿಂಗಳು ನನ್ನ ಭಾವನವರ ಮಗಳ ಮದುವೆ. ನೆಗೆಣ್ಣಿ ಫೋನ್ ಮಾಡಿ, “ಉಟ್ಟಿದ್ದನ್ನೇ ಉಟ್ಕೊಂಡ ಬಂದ್ರ ಬೀಗರು ಏನ ಅಂದಾರು? ಈ ಸಲ ರೇಶ್ಮಿ ಸೀರಿ ತಗೋಬೇಕವ್ವಾ” ಎಂದರು. ಅವರು ತೋರಿಸಿದ ಸೀರೆಗೆ 6,500 ರೂಪಾಯಿ. ಫಾಲ್ ಮತ್ತು ಪಿಕೋಗೆ 150, ಲೈನಿಂಗ್ ಹಾಕಿದ ಜಂಪರಕ್ಕೆ 600, ಅದಕ್ಕೆ ಹೊಂದುವ ಬಳೆ, ಪಿನ್ನಿಗೆ 250. ಒಟ್ಟು 7,500. ಕಾಳಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಯಜಮಾನರ ಪಗಾರ 14,000, ನನ್ನ ಹೊಲಿಗೆಯದು ಸುಮಾರು 8,000. ಮನೆ ಬಾಡಿಗೆ 4,500, ಕಿರಾಣಿ, ಹಾಲು, ಕಾಯಿಪಲ್ಲೆಗೆ 8,500, ಕರೆಂಟು ಮತ್ತು ಗ್ಯಾಸಿಗೆ 1,800, ಮಗಳ ಕಾಲೇಜಿಗೆ 3,000, ಅತ್ತೆಯವರ ಔಷಧಕ್ಕೆ 1,500, ದಾಸೋಹಕ್ಕೆ ತೆಗೆದಿಡುವುದು 500. ಉಳಿಯುವುದು 2,200. ಮೂರು ತಿಂಗಳ ಉಳಿತಾಯ ಸೇರಿಸಿದರೂ ಆ ಒಟ್ಟು ಖರ್ಚಿಗೆ ಸಾಲದು. ಅದನ್ನು ತರಬೇಕಾದರೆ ಮಗಳ ಫೀಸಿಗೋ, ಅತ್ತೆಯವರ ಔಷಧಕ್ಕೋ, ದಾಸೋಹದ ಪಾಲಿಗೋ ಕೈ ಹಾಕಬೇಕು. ಇಲ್ಲವೇ ಸಾಲ ಮಾಡಬೇಕು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗಬೇಕು. ಗಂಡ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಂದಿಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ ಎಂದು ಮರಳಿಸಿ ಬರಲು ಹೇಳಿದ ತಾಯಿ ಆಕೆ. ಹೆಚ್ಚು ತಂದುಕೊಡು ಎಂದು ಗಂಡನನ್ನು ಕಾಡುವವಳು ಹೆಂಡತಿ ಎಂಬ ಲೋಕದ ಮಾತನ್ನು 12ನೆಯ ಶತಮಾನದಲ್ಲೇ ಸುಳ್ಳು ಮಾಡಿದವರು. ಅಕ್ಕಮಹಾದೇವಿಯವರು ಉಡುಗೆಯನ್ನೇ ತೊರೆದರು. ಆ ಎತ್ತರ ಎಲ್ಲರಿಗೂ ಸಾಧ್ಯವಿಲ್ಲ. ಸಂಸಾರದಲ್ಲಿರುವ ನಮಗೆ ಲಕ್ಕಮ್ಮನವರ ಅಳತೆಯೇ ದಾರಿ.

ಹಾಗೆಂದು ಶರಣರು ಬಟ್ಟೆಯನ್ನು ಹಗುರವಾಗಿ ಕಂಡರೇ? ಕದಿರ ರೆಮ್ಮವ್ವೆ ನೂಲು ತೆಗೆದರು, ಜೇಡರ ದಾಸಿಮಯ್ಯನವರು ನೇಯ್ದರು, ಸೂಜಿಕಾಯಕದ ರಾಮಿತಂದೆಯವರು ಹೊಲಿದರು, ಮಡಿವಾಳ ಮಾಚಿದೇವರು ಶರಣರ ಬಟ್ಟೆ ಮಡಿ ಮಾಡಿದರು. ನೂಲುವವರಿಂದ ಒಗೆಯುವವರವರೆಗೆ ಪ್ರತಿ ಕೈಗೂ ಮರ್ಯಾದೆ ಕೊಟ್ಟ ಪರಂಪರೆ ನಮ್ಮದು. ಇಷ್ಟು ಜನರ ಕಾಯಕವನ್ನು ಒಂದು ಹೊತ್ತು ಉಟ್ಟು ಮೂಲೆಗೆ ಎಸೆದರೆ ಅದು ಕಾಯಕಕ್ಕೆ ಮಾಡುವ ಅವಮಾನ.

“ಯಾರೂ ಕೊಳ್ಳದಿದ್ದರೆ ನೇಕಾರ ಬದುಕುವುದು ಹೇಗೆ?” ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ನಿಮ್ಮ ಮನೆಯ ಆಯೇರಿ ಗಂಟನ್ನು ಬಿಚ್ಚಿ ನೋಡಿ. ಅದರಲ್ಲಿ ಇಳಕಲ್ಲಿನ ಮಗ್ಗದ ಸೀರೆ ಎಷ್ಟು, ಗುಳೇದಗುಡ್ಡದ ಖಣ ಎಷ್ಟು? ನಾನು ಕಂಡ ಗಂಟುಗಳಲ್ಲಿ ಬಹುಪಾಲು ಸೂರತ್ ಕಡೆಯ ಪಾಲಿಸ್ಟರ್ ಸೀರೆಗಳು. ಅವನ್ನು ಕೊಟ್ಟವರೂ ಉಡುವುದಿಲ್ಲ, ಪಡೆದವರೂ ಉಡುವುದಿಲ್ಲ. ಈ ಮದುವೆಯಲ್ಲಿ ಬಂದದ್ದು ಮುಂದಿನ ಮದುವೆಗೆ ಹೋಗುತ್ತದೆ, ಮಡಿಕೆ ಬಿಚ್ಚದೆಯೇ ನಾಲ್ಕು ಮನೆ ತಿರುಗುತ್ತದೆ. ಇದರಿಂದ ನಮ್ಮ ನೇಕಾರನಿಗೆ ಏನು ಸಿಕ್ಕಿತು?

ಇನ್ನು ಕೆಲವರಿಗೆ ಇದೆಲ್ಲ ಹೆಂಗಸರ ಆಸೆಬುರುಕತನವಾಗಿ ಕಾಣುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಮನೆತನದ ಅಂತಸ್ತನ್ನು ಹೆಣ್ಣಿನ ಸೆರಗಿನ ಮೇಲೆ ಬರೆದು ಊರಿಗೆಲ್ಲ ತೋರಿಸಬೇಕೆಂದು ಹೊರಟವರು ಯಾರು? ಪೆಂಡಾಲು, ಬ್ಯಾಂಡು, ಊಟದಲ್ಲಿ ಇಪ್ಪತ್ತು ಬಗೆ ಎಂದು ಸಾಲ ಮಾಡುವ ಅಣ್ಣಂದಿರು ಸೀರೆಯ ಬಗ್ಗೆ ಮಾತ್ರ ಉಪದೇಶ ಕೊಡುವುದು ನ್ಯಾಯವಲ್ಲ. ಹೆಣ್ಣು ಗಂಡಿನ ಸಮಾನಳು ಎಂದ ಮೇಲೆ ಮನೆಯ ಲೆಕ್ಕದ ಪುಸ್ತಕವೂ ಇಬ್ಬರ ಮುಂದೆ ತೆರೆದಿರಬೇಕು. ಎಷ್ಟಿದೆ ಎಂದು ತಿಳಿದ ಹೆಣ್ಣು ತನಗೆ ಏನು ಬೇಕೆಂದು ತಾನೇ ನಿರ್ಧರಿಸುತ್ತಾಳೆ.

ನಮ್ಮ ಮಠಗಳ ವೇದಿಕೆಗೂ ಒಂದು ಮಾತು ಹೇಳಲೇಬೇಕು, ಪೂಜ್ಯರು ಮನ್ನಿಸಲಿ. ಸರಳತೆಯ ಮೇಲೆ ಎರಡು ಗಂಟೆ ಅನುಭಾವ ನಡೆಯುತ್ತದೆ, ಕೊನೆಗೆ ಬಂದವರಿಗೆಲ್ಲ ಶಾಲು ಹೊದಿಸಿ ಸನ್ಮಾನ. ಆ ಶಾಲುಗಳೂ ಆಯೇರಿ ಸೀರೆಗಳ ಹಾಗೆಯೇ ಹೆಗಲಿಂದ ಹೆಗಲಿಗೆ ತಿರುಗುತ್ತವೆ. ಸರಳತೆ ಎಂದು ನುಡಿದ ವೇದಿಕೆ ನಡೆಯಲ್ಲೂ ಅದನ್ನು ತೋರಿಸಬೇಡವೇ? ಆ ಹಣದಲ್ಲಿ ಬಡ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿಸಿ ಕೊಡಿ. ಹೊಲಿಯಲು ನನ್ನಂಥವರು ಕೂಲಿ ಕೇಳದೆ ಬರುತ್ತೇವೆ.

ಹೊಸ ಬಟ್ಟೆ ಪಾಪ ಎಂದು ನಾನು ಹೇಳುತ್ತಿಲ್ಲ. ಇದ್ದದ್ದು ಹರಿದಿದ್ದರೆ, ಕೈಯಲ್ಲಿ ನಗದು ಇದ್ದರೆ, ಮಕ್ಕಳ ಪಾಲು, ದಾಸೋಹದ ಪಾಲು ತೆಗೆದಿಟ್ಟ ಮೇಲೂ ಉಳಿದರೆ ಧಾರಾಳವಾಗಿ ಕೊಳ್ಳಿ. ಕೊಳ್ಳುವುದಾದರೆ ಮಗ್ಗದ್ದನ್ನೇ ಕೊಳ್ಳಿ, ನವೆಯುವವರೆಗೆ ಉಡಿ. 6,500ರ ಸೀರೆ ಎರಡು ಸಲ ಉಟ್ಟರೆ ಒಂದು ಸಲಕ್ಕೆ 3,250 ಬಿತ್ತು. ನಾನು ನಾಲ್ಕು ವರ್ಷದ ಹಿಂದೆ 2,400ಕ್ಕೆ ತಂದ ಇಳಕಲ್ ಸೀರೆಯನ್ನು ಕಡಿಮೆಯೆಂದರೂ 40 ಸಲ ಉಟ್ಟಿದ್ದೇನೆ, ಸಲಕ್ಕೆ 60 ಬಿತ್ತು. ಅದರ ಬಣ್ಣ ಇನ್ನೂ ಹೋಗಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಮದುವೆಗೆ ಅದೇ ಇಳಕಲ್ ಸೀರೆ ಉಡುತ್ತೇನೆ. 250 ರೂಪಾಯಿಗೆ ಗುಳೇದಗುಡ್ಡದ ಖಣ ತಂದು ಹೊಸ ಜಂಪರ ನಾನೇ ಹೊಲಿದುಕೊಳ್ಳುತ್ತೇನೆ. ಮದುಮಕ್ಕಳಿಗೆ ಮನಸ್ಸು ತುಂಬಿ ಹರಸುತ್ತೇನೆ. ನೆಗೆಣ್ಣಿಗೂ ಇದನ್ನೇ ಹೇಳಿದ್ದೇನೆ. ಅವರು ಮುನಿಸಿಕೊಂಡಿದ್ದಾರೆ, ಇರಲಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮುಂದಿನ ಲಗ್ನಪತ್ರಿಕೆಯಲ್ಲಿ “ಆಯೇರಿ ಬೇಡ, ಉಟ್ಟ ಸೀರೆಯಲ್ಲೇ ಬನ್ನಿ” ಎಂಬ ಒಂದು ಸಾಲು ಅಚ್ಚು ಹಾಕಿಸಿ. ಅದನ್ನು ಓದಿ ಎಷ್ಟು ಮನೆಯ ತಾಯಂದಿರು ನೆಮ್ಮದಿಯ ಉಸಿರು ಬಿಡುತ್ತಾರೆಂದು ನನಗೆ ಗೊತ್ತು. ಅವರೆಲ್ಲ ನನ್ನ ಮಷಿನ್ನಿನ ಮುಂದೆ ಕೂತು ಹೋದವರೇ.